ಸಿಬಿಜಿ ಎಣ್ಣಿ ಉಪದ್ವ್ಯಾಪ

ಔಷಧಿ ಅಂಗಡಿ ಕೌಂಟರ್ ಹಿಂದ ನಿಂತಾಕಿ ಸುಮ್ಮನ ಇರ್ತೀನಂದ್ರೂ ಜನ ಸುಮ್ಮನ ಇರಗೊಡೂದಿಲ್ಲ. ಬೆಳಗಾದ್ರ ಒಂದಿಲ್ಲೊಂದು. ಮೊದಮೊದಲು ನಗು ಬರ್ತಿತ್ತು, ಮನಿಗೆ ಬಂದು ಎಲ್ಲಾರಿಗೂ ಹೇಳ್ತಿದ್ದೆ. ಈಗ ನಗಾಕೂ ಶಕ್ತಿ ಉಳಿದಿಲ್ಲ. ಎಲ್ಲೆರ ಕುಂತು ಕಾಲು ಚಾಚಿದ್ರ ಸಾಕಪ್ಪಾ ಅನಸ್ತೈತಿ. ಆದ್ರ ಈ ಸಿಬಿಜಿ ಎಣ್ಣಿದು ಮಾತ್ರ ಹೇಳೇ ಬಿಡ್ತೀನಿ. ಹೇಳಿದ್ರರ ಹೊಟ್ಟ್ಯಾಗಿನ ಸಂಕಟ ಕಡಿಮಿ ಆಗ್ತೈತೇನೋ ನೋಡೂಣು.

ನಮ್ಮೂರು ಧಾರವಾಡ, ಇರೂದು ಲಂಡನ್ನಿನ ಫೆಲ್ಥಮ್‌ನ್ಯಾಗ. ಇಲ್ಲೇ ಹೈ ಸ್ಟ್ರೀಟಿನ ಒಂದು ಅಂಗಡ್ಯಾಗ ನಾ ಫಾರ್ಮಸಿಸ್ಟ್. ಡಾಕ್ಟರ್ ಅಲ್ಲ. ಇದನ್ನ ಎಷ್ಟು ಸಲ ಹೇಳಿದ್ರೂ ನಮ್ಮ ಮಂದಿಗೆ ತಲ್ಯಾಗ ಹೋಗೂದಿಲ್ಲ. ನಮ್ಮನಿಯವರು ವಿಮಾನ ನಿಲ್ದಾಣದಾಗ ಸಾಮಾನು ಏರಸೂದು, ಇಳಸೂದು, ಅದರ ಗಾಡಿ ಓಡಸೂದು ಮಾಡ್ತಾರ. ವಿಮಾನದ ಹತ್ರ ಹೋಗಾಕ ಅವರ ಕೊರಳಾಗ ಒಂದು ಪಾಸ್ ಇರ್ತೈತಿ. ಆ ಪಾಸ್ ಇದ್ರ ನೌಕರಿ, ಇಲ್ಲಂದ್ರ ಇಲ್ಲ. ಯಾವಾಗ ಬೇಕಾದಾಗ, ಮುಂಚೆ ಹೇಳದನ, ಕರದು ಬಾಯಾಗ ಒಂದು ಕಡ್ಡಿ ಇಟ್ಟು ಉಗುಳು ತಗೊಂಡು ನೋಡ್ತಾರ, ನಶೆದು ಏನರ ತಗೊಂಡಾರೇನು ಅಂತ. ಚೂರು ಸಿಕ್ರೂ ಪಾಸ್ ಕಸಗೊಂಡು ಮನಿಗೆ ಕಳಸ್ತಾರ. ನಮ್ಮ ಸಂಸಾರ ನಿಂತಿರೂದ ಆ ಪಾಸಿನ ಮ್ಯಾಲ. ಇದೊಂದು ಮಾತು ನೆನಪಿಟ್ಟುಕೊಂಡು ಮುಂದ ಕೇಳ್ರಿ.

೧. ಇಲಿಗೆ ಗುಣ ಆಗೈತಿ

ಒಂದು ದಿನ ಅಂಗಡಿಗೆ ಹೋಗ್ತೀನಿ, ಕೌಂಟರ್ ಮ್ಯಾಲ ಸಣ್ಣ ಸಣ್ಣ ಕಂದು ಬಾಟ್ಲಿ ಸಾಲಾಗಿ ನಿಂತಾವ. ನಮ್ಮ ಮಾಲೀಕರು ಗುಜರಾತಿ ಮನಷ್ಯಾ, ಹೊಸಾದು ಏನ ಬಂದ್ರೂ ಅವರಿಗೆ ಮೊದಲು ಬೇಕು.

"ಸಿಬಿಡಿ ಹಳೇದಾತು, ಅದು ಈಗ ಎಲ್ಲಾರ ಅಂಗಡ್ಯಾಗೂ ಐತಿ. ಇದು ಸಿಬಿಜಿ. ಇನ್ನೂ ಯಾರಿಗೂ ಗೊತ್ತಿಲ್ಲ," ಅಂದ್ರು.

"ಗೊತ್ತಿಲ್ಲದ್ದನ್ನ ಯಾರು ತಗೋತಾರ?" ಅಂದೆ.

"ನೀ ಹೇಳು, ತಗೋತಾರ," ಅಂದ್ರು. ಅಂದ್ರ ಹೇಳೂ ಕೆಲಸಾನೂ ನನಗ ಬಂತು.

ಸಿಬಿಡಿ, ಸಿಬಿಜಿ ಎರಡೂ ಹೆಂಪ್ ಗಿಡದಿಂದ ತಗದ ಎಣ್ಣಿ. ಹೆಂಪ್ ಅಂದ್ರ ಗಾಂಜಾ ಜಾತಿ ಗಿಡನ, ಆದ್ರ ನಶೆ ಏರಸೂ ಅಂಶ ಅದರಾಗ ನಾಮಕಾವಾಸ್ತೆ ಇರ್ತೈತಿ. ಆ ಗಿಡ ಎಳೇದಿದ್ದಾಗ ಮೊದಲು ಹುಟ್ಟೂದು ಈ ಸಿಬಿಜಿ. ಗಿಡ ಬೆಳದಂಗ ಅದ ಬದಲಾಗಿ ಸಿಬಿಡಿ, ಮತ್ತೊಂದು, ಮಗದೊಂದು ಆಗ್ತೈತಿ. ಕಡೀಕ ಸಿಬಿಜಿ ಅಂತ ಉಳಿಯೂದು ಚೂರುಪಾರು. ಅದಕ್ಕ ಮಾರೂ ಕಂಪನಿಯವರು ಇದಕ್ಕ 'ತಾಯಿ' ಅಂತಾರ. ಎಲ್ಲಾ ಮಕ್ಕಳಿಗೆ ಬಡಿಸಿ ತನಗ ಬೋಗುಣಿ ತಳಾ ಕೆರಕೊಳ್ಳಾಕಿ. ಹೆಸರು ಇಟ್ಟಾವಗ ಮನಿ ಸಂಗತಿ ಚಲೋ ಗೊತ್ತಿರಬೇಕು.

ಮೊದಲನೇ ಗಿರಾಕಿ ಒಬ್ಬಾಕಿ ಇಂಗ್ಲಿಷ್ ಅಜ್ಜಿ, ತಿಂಗಳಾ ನಮ್ಮಲ್ಲೇ ಗುಳಿಗಿ ಒಯ್ಯಾಕಿ. ಬಾಟ್ಲಿ ಹಿಂದ ಮುಂದ ತಿರಿಗಿಸಿ, ಇದು ಏನಕ್ಕ ಚಲೋ ಅಂತ ಕೇಳಿದ್ಲು. ಮಾಲೀಕರು ಹಿಂದ ನಿಂತು ಕಿವಿ ಕೊಟ್ಟಿದ್ರು. ನನಗ ಸುಳ್ಳು ಹೇಳಾಕ ಬರೂದಿಲ್ಲ.

"ಹೊಟ್ಟಿ ಉರಿ, ಸಂದು ನೋವು, ಮನಸ್ಸಿನ ಕಳವಳ, ಇವಕ್ಕೆಲ್ಲಾ ಉಪಯೋಗ ಆದೀತು ಅಂತ ಸಂಶೋಧನಾ ನಡದಾವ. ಆದ್ರ ಬಹಳಷ್ಟು ಇಲಿ ಮ್ಯಾಲ. ಇಲಿಗೆ ಗುಣ ಕಂಡೈತಿ, ಮನಷ್ಯಾರಿಗೆ ಇನ್ನೂ ಖಾತ್ರಿ ಇಲ್ಲ. ನೀವು ರಕ್ತ ತೆಳು ಮಾಡೂ ಗುಳಿಗಿ ತಗೋತೀರಿ, ಅದಕ್ಕೂ ಇದಕ್ಕೂ ಆಗದ ಇರಬಹುದು. ಮೊದಲು ನಿಮ್ಮ ಜಿಪಿ ಡಾಕ್ಟರನ್ನ ಕೇಳ್ರಿ."

ಅಜ್ಜಿ ಬಾಟ್ಲಿ ಹಗೂರಕ ತಿರಿಗಿ ಇಟ್ಲು. "ಬ್ಯಾಡವಾ. ನಮ್ಮ ಅಡಗಿಮನ್ಯಾಗ ಇಲಿ ಅದಾವ. ಅವು ಈಗ ಇರೂದಕ್ಕಿಂತ ಹೆಚ್ಚಿಗಿ ಆರಾಮ ಆಗೂದು ಬ್ಯಾಡ," ಅಂದು ಹೋದ್ಲು.

ಮಾಲೀಕರು ಹಣಿ ಹಿಡಕೊಂಡ್ರು. "ನಿನ್ನನ್ನ ಆ ಕಡಿ ಔಷಧಿ ಅಂಗಡಿಯವನ ಹತ್ರ ಕೆಲಸಕ್ಕ ಕಳಸ್ತೀನಿ. ಅಂವ ಲಗೂನ ಮುಚ್ಚಿಕೊಂಡು ಹೋಗ್ತಾನ," ಅಂದ್ರು.

೨. ಏರಲಿಲ್ಲ

ನಮ್ಮ ಉತ್ತರ ಕರ್ನಾಟಕದ ಮಂದಿ ತಿಂಗಳಿಗೊಮ್ಮೆ ಇಲ್ಫರ್ಡ್‌ನ್ಯಾಗ ಭಜನಿಗೆ ಸೇರ್ತೀವಿ. ಫೆಲ್ಥಮ್ ಲಂಡನ್ನಿನ ಈ ತುದಿ, ಇಲ್ಫರ್ಡ್ ಆ ತುದಿ. ಬಸ್ಸು, ಟ್ಯೂಬು, ರೈಲು ಹತ್ತಿ ಇಳದು ಹೋಗೂದ್ರಾಗ ದೇವರು ಎಲ್ಲಿದ್ರೂ ಕೇಳ್ತಾನಲ್ಲ, ಇಷ್ಟು ದೂರ ಯಾಕ ಅನಸ್ತೈತಿ. ಆದ್ರ ನಮ್ಮ ಅತ್ತಿಯವರು ಧಾರವಾಡದಿಂದ ಬಂದು ನಮ್ಮ ಜೋಡಿ ಇದ್ದಾರ, ಮೊಣಕಾಲು ನೋವು, ಹೊರಗ ಹೋಗೂದ ಅಪರೂಪ. ಅವರಿಗೆ ಭಜನಿ ತಪ್ಪಿಸೂ ಹಂಗಿಲ್ಲ.

ಮಂಗಳಾರತಿ ಆತಂದ್ರ ನನ್ನ ದವಾಖಾನಿ ಚಾಲೂ. ಒಬ್ಬರು ನಾಲಿಗಿ ತೋರಸ್ತಾರ, ಒಬ್ಬರು ಪಾದ ತೋರಸ್ತಾರ, ಒಬ್ಬರು ಶಿರಾ ತಿನಕೋತನ ಸಕ್ರಿ ಕಾಯಿಲಿ ಬಗ್ಗೆ ಕೇಳ್ತಾರ. ಆ ಸಲ ವಿಜಯಪುರದ ಒಬ್ಬ ಕಾಕಾ ಹತ್ರ ಬಂದು ಕೂತ್ರು. ಇಲ್ಲಿಗೆ ಬಂದು ಭಾಳ ವರ್ಷ ಆಗೈತಿ, ಈಗ ರಿಟೈರ್ ಆಗ್ಯಾರ.

"ಏನವಾ, ನಿಮ್ಮ ಅಂಗಡ್ಯಾಗ ಭಂಗಿ ಎಣ್ಣಿ ಬಂದೈತೆಂತಲ್ಲ?"

"ಭಂಗಿ ಅಲ್ರಿ ಕಾಕಾ. ಹೆಂಪ್. ಇದರಾಗ ನಶೆ ಇಲ್ಲ."

"ಗೊತ್ತಾತು ಬಿಡು," ಅಂದು ಕಣ್ಣು ಹೊಡದ್ರು. "ಮಂದ್ಯಾಗ ಹಂಗ ಹೇಳಬೇಕಾಗ್ತೈತಿ."

ಮರುವಾರ ಅಷ್ಟು ದೂರದಿಂದ ಅಂಗಡಿಗೆ ಬಂದ್ರು. ಮತ್ತೊಮ್ಮೆ ಬಿಡಿಸಿ ಬಿಡಿಸಿ ಹೇಳಿದೆ. ಮತ್ತೊಮ್ಮೆ ಕಣ್ಣು ಹೊಡದು ಒಂದು ಬಾಟ್ಲಿ ತಗೊಂಡು ಹೋದ್ರು. ಮುಂದಿನ ಭಜನ್ಯಾಗ ನನ್ನ ನೋಡಿದವರನ ಮಾರಿ ಗಂಟು ಹಾಕಿದ್ರು.

"ಏನವಾ, ನಂಬಿಸಿ ಮೋಸಾ ಮಾಡಿದಿ. ತಿರಿಗಿ ತಗೋ ಇದನ್ನ."

"ತೆರದ ಬಾಟ್ಲಿ ತಿರಿಗಿ ತಗೊಳ್ಳೂ ಹಂಗಿಲ್ರಿ. ಏನಾತು?"

"ಏರಲಿಲ್ಲ! ನಾಲಿಗಿ ಕೆಳಗ ಬಿಟಗೊಂಡು ಮಧ್ಯಾಹ್ನ ಪೂರ್ತಿ ಕುಂತೆ. ಒಂದು ನಗು ಇಲ್ಲ, ಒಂದು ಹಾಡು ಇಲ್ಲ. ಕಡೀಕ ಹೆಂಡತಿ ಮಾರಿ ನೋಡಿದೆ. ದಿನಾ ಹೆಂಗ ಕಾಣಿಸ್ತಾಳೋ ಹಂಗ ಕಾಣಿಸಿದ್ಲು."

ಹಿಂದ ಪ್ರಸಾದ ಹಂಚಾಕತ್ತಿದ್ದ ಅವರ ಹೆಂಡತಿ, ನಮ್ಮ ಕಾಕು, ಅಲ್ಲಿಂದನ ಹೇಳಿದ್ರು: "ನಾನೂ ಎರಡು ಹನಿ ತಗೊಂಡು ಇವರನ್ನ ನೋಡಿದೆ. ಇವರು ಹೇಳೂದು ಖರೇ ಐತಿ, ಎಣ್ಣಿ ಏನೂ ಕೆಲಸಾ ಮಾಡೂದಿಲ್ಲ."

೩. ಎಜ್‌ವೇರಿನ ಕಾಫಿ

ಲಂಡನ್ನಿನ ಇನ್ನೊಂದು ಮೂಲಿ ಎಜ್‌ವೇರಿನ್ಯಾಗ ನಮಗ ಗೊತ್ತಿದ್ದ ಮೈಸೂರಿನ ಗಂಡಾ ಹೆಂಡತಿ ಅದಾರ, ಇಬ್ಬರೂ ಸರಕಾರಿ ಆಸ್ಪತ್ರ್ಯಾಗ ಡಾಕ್ಟರು. ಮೆತ್ತನ್ನ ಮಾತು, ಮನ್ಯಾಗ ಎತ್ತರದ ಧ್ವನಿ ಅಂತ ಸುದ್ದಿ. ಒಂದು ಶನಿವಾರ ಗಂಡ ಅಂಗಡಿಗೆ ಬಂದ್ರು.

"ನೋಡಮ್ಮ, ಈ ಸಿಬಿಜಿಗೆಲ್ಲ ಸರಿಯಾದ ಆಧಾರ ಇಲ್ಲ. ನಾನಂತೂ ನನ್ನ ಪೇಷಂಟುಗಳಿಗೆ ದುಡ್ಡು ದಂಡ ಮಾಡಬೇಡಿ ಅಂತಲೇ ಹೇಳ್ತೀನಿ."

"ಹೌದ್ರಿ ಸರ್, ನಾನೂ ಅದನ್ನ ಹೇಳ್ತೀನಿ."

"ಹೌದಾ? ತುಂಬ ಒಳ್ಳೇದು," ಅಂದು ಆ ಕಡಿ ಈ ಕಡಿ ನೋಡಿದ್ರು. "ಒಂದು ಬಾಟ್ಲು ಕೊಡಿ. ನಮ್ಮನೆಯವಳಿಗೆ ಸಿಟ್ಟು ಜಾಸ್ತಿ ಆಗ್ಬಿಟ್ಟಿದೆ. ಬೆಳಗಿನ ಕಾಫಿಗೆ ಎರಡು ಹನಿ ಹಾಕಿ ನೋಡೋಣ ಅಂತ."

"ಅವರಿಗೆ ಹೇಳದ ಹಾಕಬ್ಯಾಡ್ರಿ ಸರ್, ಅದು ತಪ್ಪು."

"ಹೇಳ್ತೀನಿ, ಹೇಳ್ತೀನಿ," ಅಂದ್ರು. ಹೇಳೂ ಮಾರಿ ಅಲ್ಲ ಅದು.

ಸೋಮವಾರ ಹೆಂಡತಿ ಬಂದ್ರು. ಅದ ಮಾತು, ಅದ ಆ ಕಡಿ ಈ ಕಡಿ ನೋಡೂದು. "ಇವರಿಗೆ ಸಿಡಿಮಿಡಿ ಜಾಸ್ತಿ ಕಣ್ರೀ. ಮಧ್ಯಾಹ್ನದ ಕಾಫಿ ನಾನೇ ಮಾಡಿಕೊಡೋದು..." ನಾ ಅವರಿಗೂ ಅದನ್ನ ಹೇಳಿದೆ, ಅವರೂ "ಹೇಳ್ತೀನಿ ಬಿಡಿ" ಅಂದ್ರು. ಒಬ್ಬ ಗಿರಾಕಿ ಗುಟ್ಟು ಇನ್ನೊಬ್ಬರಿಗೆ ಹೇಳೂದು ನಮ್ಮ ಕೆಲಸದಾಗ ನಡಿಯೂದಿಲ್ಲ, ಅವರು ಗಂಡಾ ಹೆಂಡತಿ ಆಗಿದ್ರೂ. ಇನ್ನೊಂದು ಬಾಟ್ಲಿ ಕಟ್ಟಿ ಕೊಟ್ಟೆ.

ಯುಗಾದಿ ಕೂಟದಾಗ ಇಬ್ಬರೂ ಸಿಕ್ರು. ಮೊದಲು ಗಂಡ ನನ್ನ ಮೂಲಿಗೆ ಕರದ್ರು. "ಎಣ್ಣೆ ಕೆಲಸ ಮಾಡ್ತಿದೆ ಕಣಮ್ಮ! ಕಾಫಿ ವಿಷದ ಥರ ಕಹಿ ಆಗಿರುತ್ತೆ, ಅಷ್ಟಾದರೂ ಒಂದು ಮಾತು ಬೈದಿಲ್ಲ, ಸುಮ್ಮನೆ ಕುಡೀತಾಳೆ. ಪಾಪ, ಅವಳು ಮಾಡೋ ಕಾಫೀನೂ ಈಚೆಗೆ ಕೆಟ್ಟುಹೋಗಿದೆ, ನಾನೂ ಏನೂ ಅನ್ನಲ್ಲ."

ಊಟ ಆದಮ್ಯಾಲ ಹೆಂಡತಿ ಬಂದು ಅದನ್ನ ಹೇಳಿದ್ರು. ಮುಂದಿನ ವಾರ ಇಬ್ಬರೂ ಕೂಡಿ ಮಾತಾಡಿಕೊಂಡು, ತಪ್ಪು ಪುಡಿದ ಅಂತ, ಇಷ್ಟು ವರ್ಷ ಕಾಫಿಪುಡಿ ಕಳಸ್ತಿದ್ದ ಮೈಸೂರಿನ ಅಂಗಡಿಯವನನ್ನ ಬಿಟ್ಟುಬಿಟ್ರಂತ.

೪. ಊಟದಾಗ ಹೋದ್ರ ಔಷಧಿ ಹೆಂಗ?

ಇವೆಲ್ಲಾ ಮಂದಿ ಮನಿ ಸುದ್ದಿ, ನಕ್ಕು ಬಿಡಬಹುದು. ನಮ್ಮ ಮನಿ ಮಟ್ಟಿಗೆ ನಂದು ಒಂದ ಕಟ್ಟಪ್ಪಣಿ ಇತ್ತು: ಈ ಎಣ್ಣಿ ನಮ್ಮ ಹೊಸ್ತಿಲು ದಾಟೂ ಹಂಗಿಲ್ಲ. ಬಾಟ್ಲಿ ಮ್ಯಾಲ ನಶೆ ಇಲ್ಲ ಅಂತ ಬರದಿರ್ತಾರ, ಆದ್ರ ಎಲ್ಲೆರ ಚೂರು ಉಳದಿದ್ರ? ಉಗುಳಿನ್ಯಾಗ ಅದು ಕಂಡ್ರ ನಮ್ಮನಿಯವರ ಪಾಸು ಹೋತು. ಅತ್ತಿಯವರು ಮೊಣಕಾಲಿಗೆ ಅದನ್ನ ತಂದು ಕೊಡು ಅಂತ ಕೇಳಿದಾಗ ಇದನ್ನ ಬಿಡಿಸಿ ಹೇಳಿ, ಬ್ಯಾಡ ಅಂದಿದ್ದೆ. ಅವರು "ಆತು ಬಿಡು" ಅಂದಿದ್ರು. ನಾ ನಂಬಿದ್ದೆ.

ಒಂದು ಮಂಗಳವಾರ ನನಗ ಸೂಟಿ. ಮಗಳಿಗೂ ಶಾಲಿ ಇರಲಿಲ್ಲ. ನಮ್ಮ ಮಗಳಿಗೆ ಕನ್ನಡ ಎಲ್ಲಾ ತಿಳೀತೈತಿ, ಬಾಯಿ ಮಾತ್ರ ಇಂಗ್ಲಿಷ್. ಬಿಸ್ಕಿಟ್ ಹುಡಕಾಕ ಅಡಗಿಮನಿ ಕಪಾಟು ತೆರದಾಕಿ ಅಲ್ಲಿಂದನ ಕೂಗಿದ್ಲು: "ಮಮ್ಮೀ, ವೈ ಈಸ್ ಯುವರ್ ಶಾಪ್ ಆಯಿಲ್ ಹಿಯರ್?"

ಓಡಿ ಹೋಗಿ ನೋಡ್ತೀನಿ, ಜ್ವಾಳದ ಹಿಟ್ಟಿನ ಡಬ್ಬಿ ಹಿಂದ ಆ ಕಂದು ಬಾಟ್ಲಿ. ತಳಾ ಕಂಡೈತಿ. ಅತ್ತಿಯವರು ಜಪಮಣಿ ಹಿಡಕೊಂಡು ಕೂತಿದ್ರು.

"ಅತ್ತೀ, ಏನ್ರಿ ಇದು?"

"ವಿಜಯಪುರದ ಹಿರಿಯಾರು ಭಜನ್ಯಾಗ ಕೊಟ್ರು. ನನಗ ಏರಲಿಲ್ಲ, ನಿಮ್ಮ ಮೊಣಕಾಲಿಗೆ ಆಗಲಿ ಅಂದ್ರು."

"ಮೊಣಕಾಲಿಗೆ ಹಚ್ಚಗೊಂಡ್ರಿ, ಹೌದಲ್ರಿ?" ಅಂದೆ.

"ನನ್ನ ಮೊಣಕಾಲು ಹಾಳಾಗಲಿ ತಗೋ. ನನ್ನ ಮಗ ದಿನಾ ಮಂದಿ ಸಾಮಾನು ಎತ್ತಿ ಎತ್ತಿ ಸೊಂಟಾ ಹಿಡಕೊಂಡು ಬರ್ತಾನ. ಅದು ಯಾರ ಕಣ್ಣಿಗೆ ಬೀಳ್ತೈತಿ ಈ ಮನ್ಯಾಗ?"

"ಅವರಿಗೆ ಕೊಟ್ರಿ?"

"ಹಂಗ ಕೊಟ್ರ ಕುಡೀತಾನ? ಬೇವಿನಂಗ ಕಹಿ. ಅಗಸಿ ಚಟ್ನಿಪುಡ್ಯಾಗ ಕಲಸಿದೆ. ರೊಟ್ಟಿಗೆ ಸವರಿ, ಸುತ್ತಿ, ದಿನಾ ಡಬ್ಬಿಗೆ ಹಾಕಿ ಕಳಸ್ತೀನಿ."

ನಮ್ಮ ಕಡಿ ಚಟ್ನಿಪುಡಿಗೆ ಹಸಿ ಎಣ್ಣಿ ಕಲಸಿಕೊಂಡ ತಿನ್ನೂದು. ಬಳ್ಳೊಳ್ಳಿ, ಖಾರದಾಗ ಯಾವ ಕಹಿನೂ ಗೊತ್ತಾಗೂದಿಲ್ಲ. ಯಾವ ಕಂಪನಿಯವರಿಗೂ ಹೊಳಿಯದ ಉಪಾಯ ನಮ್ಮ ಅತ್ತಿಯವರಿಗೆ ಹೊಳದಿತ್ತು.

"ಮನ್ಯಾಗ ತರಬ್ಯಾಡ್ರಿ ಅಂತ ಅಷ್ಟು ಹೇಳಿದ್ದೆ ಅಲ್ರಿ!"

"ನೀ ಔಷಧಿ ಬ್ಯಾಡ ಅಂದಿ. ಇದು ಊಟ. ಊಟದಾಗ ಹೋದ್ರ ಔಷಧಿ ಹೆಂಗ ಆಗ್ತೈತಿ?"

ಚಟ್ನಿ ಡಬ್ಬಿ ಕಪಾಟಿಂದ ತಗದು, ಹೊರಗ ಬಿಸಾಡಬೇಕಂತ ಕಟ್ಟಿ ಮ್ಯಾಲ ಇಟ್ಟು, ನಮ್ಮನಿಯವರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತ ಹಚ್ಚಿದೆ. ಎತ್ತಲಿಲ್ಲ. ಆಮ್ಯಾಲ ಒಂದು ಮೆಸೇಜ್ ಬಂತು: 'ಟೆಸ್ಟಿಗೆ ಕರದಾರ. ಆಮ್ಯಾಲ ಮಾಡ್ತೀನಿ.'

ಹೆಂಡತಿ ಮಾರೂ ಎಣ್ಣಿ ಗಂಡನ ಬಾಯಾಗ ಸಿಕ್ರ, ಅದು ತಾಯಿ ಚಟ್ನಿಯಿಂದ ಬಂತು ಅಂದ್ರ, ಯಾರು ನಂಬ್ತಾರ? ಅತ್ತಿಯವರಿಗೆ ಹೇಳಿದೆ: ಅತ್ತೀ, ಈಗ ಅವರ ಉಗುಳು ನೋಡಾಕತ್ತಾರ, ಸಿಕ್ತಂದ್ರ ನೌಕರಿ ಹೋತು. ಅವರಿಗೆ ಆಗ ತಿಳೀತು. ಬೈಯಬೇಕಂತ ಬಾಯಿ ತೆರದಾಕಿ ನಾ ಮುಚ್ಚಿಕೊಂಡೆ, ಯಾಕಂದ್ರ ಅವರು ಗಳಗಳ ಅಳಾಕ ಚಾಲೂ ಮಾಡಿದ್ರು. "ನನ್ನ ಕೈಯಾರ ನನ್ನ ಮಗನ ಅನ್ನ ಕಳದ್ನೆಲ್ಲೋ ಹಣಮಪ್ಪಾ," ಅಂತ ದೇವರಿಗೆ ಎಲಿ ಪೂಜಿ ಹರಕಿ ಹೊತ್ರು. ನಾನೂ ಮನಸಿನ್ಯಾಗ ಹೊತ್ತೆ.

ಫೋನ್ ಬಂತು. ಗಡಿಬಿಡ್ಯಾಗ ಸ್ಪೀಕರ್ ಒತ್ತಿಬಿಟ್ಟೆ.

"ಏನು ಅಷ್ಟು ಸಲ ಫೋನು? ಟೆಸ್ಟ್ ಆತು, ಎಲ್ಲಾ ಕ್ಲಿಯರ್."

"ಕ್ಲಿಯರ್? ಹೆಂಗ ಕ್ಲಿಯರ್ ಆಗ್ತೈತಿ?"

"ಹೆಂಗಂದ್ರ? ನಾ ಏನು ಗಾಂಜಾ ಸೇದ್ತೀನೇನ?"

ಎಣ್ಣಿ, ಚಟ್ನಿ, ರೊಟ್ಟಿ, ಎಲ್ಲಾ ಒಂದ ಉಸಿರಿನ್ಯಾಗ ಹೇಳಿದೆ. ಅವರು ದನಿ ತಗ್ಗಿಸಿ ಅಂದ್ರು: "ಅವ್ವಗ ಹೇಳಬ್ಯಾಡ. ನಾ ಆ ಡಬ್ಬಿ ತಿನ್ನೂದು ಬಿಟ್ಟು ಭಾಳ ದಿನಾ ಆತು. ದಿನಾ ಅದ ರೊಟ್ಟಿ, ಅದ ಚಟ್ನಿ. ನಾ ಕ್ಯಾಂಟೀನಿನ್ಯಾಗ ಚಿಪ್ಸ್ ತಿಂತೀನಿ."

"ಮತ್ತ ರೊಟ್ಟಿ?"

"ಟೆಸ್ಟ್ ಮಾಡೂ ಆಫೀಸಿನ್ಯಾಗ ಒಬ್ಬಾಕಿ ಅದಾಳ, ಅಕಿಗೆ ಭಾಳ ಸೇರ್ತೈತಿ. ಇವತ್ತೂ ನನ್ನ ಬಾಯಾಗ ಕಡ್ಡಿ ಇಟಗೋತನ, ಡಬ್ಬಿ ಎಲ್ಲಿ ಅಂತ ಕೇಳಿದ್ಲು."

"ಅಯ್ಯ ದೇವರ! ಅಕಿಗೆ ಏನೂ ಆಗಿಲ್ಲೇನು?"

"ಇತ್ತೀಚಿಗೆ ಕುತ್ತಿಗಿ ನೋವು ಕಡಿಮಿ ಆಗೈತಂತ. ಯೋಗಾ ಕ್ಲಾಸಿಂದ ಅಂತ ತಿಳಕೊಂಡಾಳ."

"ಈಗಿಂದೀಗ ಹೋಗಿ ಅಕಿಗೆ ಖರೇ ಹೇಳ್ರಿ," ಅಂದು ಫೋನ್ ಇಟ್ಟೆ. ಹೇಳಿದ್ರಂತ. ಅಕಿ ಎಣ್ಣಿ ಹಾಕಲಾರದ್ದನ್ನ ನಾಳೆ ತರ್ತೀಯಲ್ಲ ಅಂದ್ಲಂತ.

ತಿರಿಗಿ ನೋಡ್ತೀನಿ, ಅತ್ತಿಯವರು ಕಣ್ಣು ಒರಸಿಕೊಂಡು ದೇವರಿಗೆ ಕೈ ಮುಗಿಯಾಕತ್ತಿದ್ರು. ಮುಗಿದ ಕೈ ನಡುವ ನಿಂತಿತು. ಫೋನಿನ ಇನ್ನೊಂದು ಮಾತು ಆಗ ಅವರ ತಲಿಗೆ ಹೋತು.

"ಅಂದ್ರ... ಅಂವ ನನ್ನ ರೊಟ್ಟಿ ತಿನ್ನೂದಿಲ್ಲ?"

ಮಧ್ಯಾಹ್ನ ಉಣ್ಣಲಿಲ್ಲ. ಆ ಮೊಣಕಾಲು ಇಟಗೊಂಡು ಬೆಳಗಮುಂಜಾನೆ ಒಲಿ ಮುಂದ ನಿಂತು ರೊಟ್ಟಿ ಬಡಿತಿದ್ದಾಕಿ.

ಸಂಜೀಕ ನಮ್ಮನಿಯವರು ಬಂದ್ರು. ಬೂಟು ಬಿಚ್ಚಿಲ್ಲ, "ಅವ್ವಾ" ಅಂದ್ರು. ಅತ್ತಿಯವರು ಗ್ವಾಡಿ ನೋಡಕೋತ ಅಂದ್ರು: "ಬಾಪಾ. ಕೈ ತೊಳಕೋ. ನಿನ್ನ ಹೆಂಡತಿ ಚಿಪ್ಸ್ ಕರದು ಕೊಡ್ತಾಳ."

ಪಾಪ, ಅವರಿಗೆ ತಡಕೊಳ್ಳಾಕ ಆಗಲಿಲ್ಲ. ಅಡಗಿಮನಿಗೆ ನುಗ್ಗಿ, ಬುಟ್ಟ್ಯಾಗಿನ ಒಂದು ರೊಟ್ಟಿ ಹರದು, ಕಟ್ಟಿ ಮ್ಯಾಲ ಕೈಗೆ ಸಿಕ್ಕ ಡಬ್ಬ್ಯಾಗ ಒತ್ತಿ ಒತ್ತಿ ಎದ್ದಿಕೊಂಡು, ತಾಯಿ ಮುಂದ ಬಂದು ನಿಂತ್ರು. "ನೋಡವಾ, ತಿನ್ನಾಕತ್ತೀನಿ!" ಅಂತ ಇಡೀ ತುತ್ತು ಬಾಯಿಗೆ ತುರುಕಿದ್ರು. ಯಾವ ಡಬ್ಬಿ ಅಂತ ನನಗ ಆವಾಗ ಕಂಡಿತು.

"ಉಗುಳ್ರಿ!"

ಅವರು ಬಾಯಿ ತುಂಬ ರೊಟ್ಟಿ ಇಟಗೊಂಡು ತಾಯಿ ಮಾರಿ ನೋಡಕೋತ, ಇಲ್ಲ ಅಂತ ತಲಿ ಅಲ್ಲಾಡಿಸಿದ್ರು. ಅತ್ತಿಯವರ ಮಾರಿ ಮ್ಯಾಲ ಆಗ ಎಲ್ಲೋ ಒಂದೀಟು ನಗು ಬರಾಕತ್ತಿತ್ತು.

"ಮುಂಜಾನಿ ಉಳದ ಪಾಸ್ ಈಗ ನುಂಗತೀರೇನು? ಉಗುಳ್ರಿ ಅಂದೆ!" ಹಾರಿ ಗದ್ದಾ ಹಿಡದು, ಕೈ ಒಡ್ಡಿ, ಪೂರ್ತಿ ತುತ್ತು ಉಗುಳಿಸಿದೆ. ಸಿಂಕಿಗೆ ಎಳಕೊಂಡು ಹೋಗಿ ಬಾಯಿ ಮುಕ್ಕಳಿಸಾಕ ಹಚ್ಚಿದೆ. ಚಟ್ನಿ ಡಬ್ಬಿ ಹೊರಗ ಕಸದಾಗ ಹೋತು. ಮಗಳು ಬಾಗಲದಾಗ ನಿಂತು, "ಓ ಮೈ ಗಾಡ್, ಮಮ್ಮಿ," ಅಂದ್ಲು. ಹಂಗ ಸೋಫಾದ ಮ್ಯಾಲ ಬಿದ್ದೆ.

ಅಷ್ಟರಾಗ ಒಳಗಿನ ಖೋಲಿಯಿಂದ ಅತ್ತಿಯವರ ದನಿ ಕೇಳಿಸ್ತು. ಧಾರವಾಡದಾಗ ಇದ್ದ ತಂಗಿ ಜೋಡಿ ಫೋನಿನ್ಯಾಗ ಮಾತು.

"ಎಲ್ಲಾ ಆರಾಮ ಐತೆವಾ. ಮಗಂದು ನೌಕರಿಗೆ ಏನೂ ಆಗಲಿಲ್ಲ, ದೇವರು ದೊಡ್ಡಾಂವ. ಅಂವಗ ನನ್ನ ಕೈ ರೊಟ್ಟಿ ಅಂದ್ರ ಜೀವಾ, ಬೂಟು ಬಿಚ್ಚದನ ಬಂದು ತಿಂದ. ಆದ್ರ ಏನು ಮಾಡೂದು ಹೇಳು, ಅಂವ ಬಾಯಾಗ ಇಟ್ಟಗೊಳ್ಳೂದೊಂದ ತಡಾ, ಈಕಿ ಗದ್ದಾ ಹಿಡದು ಉಗುಳಸ್ತಾಳ."